ನವಾಬನೋ ರಾಜನೋ

ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೆಹರೀನಳ ಹೊಲಿಗೆ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ರಸ್ತೆಗೆ ತೆರೆದ ಬಾಗಿಲು, ಎರಡು ಮಷೀನು, ಗೋಡೆ ತುಂಬ ಮೊಳೆಗೆ ಸಿಕ್ಕಿಸಿದ ದಾರದ ರೀಲುಗಳು. ಸೀರೆಗೆ ಹೊಂದುವ ದಾರದ ಬಣ್ಣ ಎಲ್ಲೂ ಸಿಗದೆ ಸುಸ್ತಾದವರು ಕಡೆಗೆ ಅವಳ ಹತ್ತಿರವೇ ಬರುತ್ತಿದ್ದರು. ಸೀರೆಯ ಸೆರಗನ್ನು ಒಮ್ಮೆ ಬಾಗಿಲ ಬೆಳಕಿಗೆ ಹಿಡಿದು ನೋಡಿದರೆ ಸಾಕು, ತಿರುಗಿಯೂ ನೋಡದೆ ಗೋಡೆಗೆ ಕೈ ಹಾಕಿ ಸರಿಯಾದ ರೀಲನ್ನೇ ತೆಗೆಯುತ್ತಿದ್ದಳು.

ಅಕ್ಟೋಬರ್ ತಿಂಗಳ ಒಂದು ಶುಕ್ರವಾರ ಸಂಜೆ ಪುಷ್ಪಲತಾ ಟೀಚರ್ ಹೊಲಿಯಲು ಕೊಟ್ಟಿದ್ದ ಸೀರೆಯ ಜಾಕೀಟು ಒಯ್ಯಲು ಬಂದರು. ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ವಯಸ್ಸು ನಲವತ್ತೆಂಟು. ಹುಕ್ಕು ಹಾಕುವುದೊಂದು ಬಾಕಿ ಇತ್ತು. ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತ ಅವರು ಮೂರನೇ ಸಲ ನಿಟ್ಟುಸಿರು ಬಿಟ್ಟಾಗ ಮೆಹರೀನ ತಲೆಯೆತ್ತಿದಳು.

"ಏನ್ ಟೀಚರ್, ಯಾರರ ಬೈದ್ರೇನ್ರಿ?"

"ಒಂಥರಾ ಬೈದಂಗ. ಇಲ್ನೋಡು, ಈ ಪಾತರಗಿತ್ತಿ. ಎರಡು ವರ್ಷ ಆತು, ನನ್ನ ಜೀವ ತಿನ್ನಾಕ ಹತ್ತೈತಿ."

ಚಿಟ್ಟೆ ನೋಡುವ ಹವ್ಯಾಸ ಟೀಚರಿಗೆ ಬಹಳ ವರ್ಷದಿಂದ ಇತ್ತು. ಜಿಲ್ಲೆಯ ಚಿಟ್ಟೆಗಳ ಪಟ್ಟಿ ಮಾಡುವ ಹತ್ತಿಪ್ಪತ್ತು ಜನರ ಗುಂಪೊಂದು ಫೋನಿನಲ್ಲಿತ್ತು. ಊರಿಂದ ಹದಿನೈದು ಕಿಲೋಮೀಟರ್ ದೂರದ ಗಾಳಿಗುಡ್ಡದ ನೆತ್ತಿಯ ಮೇಲೆ ಅವರು ಒಂದು ಕಪ್ಪು ಚಿಟ್ಟೆಯನ್ನು ಕಂಡಿದ್ದರು. ಅದು ಬ್ಲ್ಯಾಕ್ ರಾಜಾ ಎಂಬುದು ಅವರ ನಂಬಿಕೆ. ನಾಲ್ಕು ಸಲ ಗುಡ್ಡ ಹತ್ತಿದರೂ ಸಿಕ್ಕಿದ್ದು ಒಂದೇ ಫೋಟೊ, ಅದೂ ಅಲುಗಿದ್ದು. ಗುಂಪಿನ ಹಿರಿಯರೊಬ್ಬರು ಆವತ್ತು ಬರೆದಿದ್ದರು: 'ಇದು ಕಾಮನ್ ನವಾಬ್ ಇರಬಹುದು. ಚಿತ್ರ ಸ್ಪಷ್ಟವಿಲ್ಲ. ಪಟ್ಟಿಗೆ ಸೇರಿಸಲಾಗದು.'

"ರಾಜಾನೂ ಅದಾನ, ನವಾಬನೂ ಅದಾನ?" ಮೆಹರೀನ ನಕ್ಕಳು.

"ಹೆಸರು ಇಟ್ಟೋರು ಹಂಗ ಇಟ್ಟಾರ. ಇಬ್ಬರೂ ಒಂದೇ ವಂಶದೋರು. ಇಬ್ಬರಿಗೂ ಹಿಂದಿನ ರೆಕ್ಕಿಗೆ ಎರಡೆರಡು ಬಾಲ, ನಡುವೆ ಬಿಳೀ ಪಟ್ಟಿ. ಹಾರೋದು ನೋಡಿದ್ರ ಕವಣಿ ಕಲ್ಲು ಬಿಟ್ಟಂಗ. ಕಣ್ಣಿಗೆ ಬೀಳೋದ್ರಾಗ ಮಾಯ."

ಮೆಹರೀನ ಸೂಜಿಯನ್ನು ಕುಪ್ಪಸದ ತೋಳಿಗೆ ಚುಚ್ಚಿಕೊಂಡು ಫೋನು ಇಸಿದುಕೊಂಡಳು. ಎರಡು ಬೆರಳಲ್ಲಿ ಚಿತ್ರವನ್ನು ದೊಡ್ಡದು ಮಾಡಿದಳು. ಮಂಜು ಮಂಜಾಗಿ ಒಂದು ಕಪ್ಪು ಆಕಾರ, ಅದರ ಮೇಲೆ ಬೆಣ್ಣೆ ಬಣ್ಣ ಬಳಿದಂಥ ಗುರುತು. ಅವಳು ಫೋನನ್ನು ಓರೆ ಮಾಡಿ ನೋಡಿದಳು, ದೂರ ಹಿಡಿದು ನೋಡಿದಳು.

"ಟೀಚರ್, ಈ ಪಟ್ಟಿ ಕೆಳಗ ಅಗಲ ಐತಿ. ಮೇಲಕ್ಕ ಹೋಗ್ತಾ ಹೋಗ್ತಾ ಸಣ್ಣ ಆಗೈತಿ. ಆಮೇಲೆ ಪಟ್ಟಿ ಹರಿದು ಬಿಡಿ ಬಿಡಿ ಬುಟ್ಟಾ ಆದಂಗ ಕಾಣ್ತತಿ. ಸೀರಿ ಸೆರಗಿನಾಗ ಇರ್ತಾವಲ್ರಿ, ಹಂಗ."

ಟೀಚರ್ ಸ್ಟೂಲಿನಿಂದ ಎದ್ದೇಬಿಟ್ಟರು. "ಎಲ್ಲಿ? ಎಲ್ಲಿ ತೋರಿಸು!"

ಮೆಹರೀನ ಉಗುರಿನ ತುದಿಯಿಂದ ತೋರಿಸಿದಳು. ಟೀಚರ್ ತಮ್ಮ ಚೀಲದಿಂದ ಅಂಚು ಸವೆದ ಪುಸ್ತಕವೊಂದನ್ನು ತೆಗೆದು, ಕತ್ತರಿಸಿದ ಬಟ್ಟೆಗಳ ಮೇಲೆಯೇ ಹರಡಿದರು. ಅಕ್ಕಪಕ್ಕ ಎರಡು ಚಿತ್ರ. ನವಾಬನ ರೆಕ್ಕೆಯಲ್ಲಿ ಪಟ್ಟಿ ನಡುವಿಗೇ ನಿಂತುಬಿಟ್ಟಿತ್ತು; ತುದಿಯ ಹತ್ತಿರ ಒಂಟಿ ಚುಕ್ಕೆ. ರಾಜನ ರೆಕ್ಕೆಯಲ್ಲಿ ಪಟ್ಟಿ ಮೇಲೆ ಮೇಲೆ ಏರುತ್ತ ಚುಕ್ಕೆಗಳ ಸಾಲಾಗಿ ಒಡೆದು ತುದಿಯ ತನಕ ಹೋಗಿತ್ತು.

"ಎರಡು ವರ್ಷ ಆತು, ನಾನು ಬಾಲ ನೋಡ್ಕಂತ ಕುಂತಿನಲ್ಲ!" ಎಂದರು ಟೀಚರ್. "ಮೆಹರೀನ, ಭಾನುವಾರ ನನ್ನ ಕೂಡ ಗುಡ್ಡಕ್ಕ ಬಾ. ನಿನ್ನ ಕಣ್ಣು ಬೇಕು ನನಗ."

ಮೆಹರೀನಳ ಕೈ ಜಾಕೀಟಿನ ಮೇಲೆಯೇ ನಿಂತಿತು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಆ ಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ಹತ್ತುವುದಕ್ಕೆ ಅಲ್ಲಿ ಏನಿದೆ ಎಂದು ಕೇಳಿಕೊಂಡವಳೂ ಅಲ್ಲ. ಏನು ಹೇಳಬೇಕೆಂದು ಅವಳು ಯೋಚಿಸುತ್ತಿರುವಾಗಲೇ ಒಳಗಿನಿಂದ ದನಿ ಬಂತು.

"ಹೋಗ್ತಾಳ, ಹೋಗ್ತಾಳ. ನಾನೂ ಬರ್ತೀನಿ."

ಅತ್ತೆ ರಹಿಮತ್ ಬೀ. ಅರವತ್ತಾರು ವರ್ಷ, ಬಲಮೊಣಕಾಲು ನೋವು, ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಹಿಡಿದುಕೊಂಡೇ ಹೊಸ್ತಿಲಿಗೆ ಬಂದು ನಿಂತರು.

"ಅಮ್ಮೀ, ನಿಮ್ಮ ಮೊಣಕಾಲು..." ಎಂದಳು ಮೆಹರೀನ.

"ಮೊಣಕಾಲು ಮನಿಯಾಗ ಕುಂತ್ರೂ ನೋಯ್ತತಿ, ಗುಡ್ಡದ ಮ್ಯಾಲೂ ನೋಯ್ತತಿ. ಟೀಚರಮ್ಮ, ಅದು ನವಾಬನೇ ಇರ್ಲಿ ಅಂತ ನಾನು ದುವಾ ಮಾಡ್ತೀನಿ ನೋಡ್ರಿ."

"ನಾನು ರಾಜಾ ಇರ್ಲಿ ಅಂತ ಕೊಟ್ರಬಸವೇಶ್ವರಗ ಬೇಡ್ಕೊಂತೀನಿ," ಎಂದರು ಟೀಚರ್. ಮೂವರೂ ನಕ್ಕರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೆಹರೀನಳ ಗಂಡ ಬಾಷಾ ಅವರನ್ನು ತನ್ನ ಹಳೆಯ ಓಮ್ನಿಯಲ್ಲಿ ಗುಡ್ಡದ ಬುಡಕ್ಕೆ ತಂದು ಬಿಟ್ಟ. ಅವನಿಗೆ ಬೈಕು ರಿಪೇರಿಯ ಗ್ಯಾರೇಜಿತ್ತು. ಭಾನುವಾರವೇ ಕೆಲಸ ಹೆಚ್ಚು. "ಸಂಜಿ ನಾಕೂವರಿಗೆ ಬರ್ತೀನಿ. ಒಂದು ಹುಳಕ್ಕ ನಾಕು ಮಂದಿ!" ಎಂದು ನಗುತ್ತ ಗಾಡಿ ತಿರುಗಿಸಿಕೊಂಡು ಹೋದ.

ನಾಲ್ಕನೆಯವನು ಅಂಜಿನೇಯಲು, ಅರಣ್ಯ ಇಲಾಖೆಯ ವಾಚರ್. ಟೀಚರ್ ಮುಂಚೆಯೇ ಫೋನು ಮಾಡಿ ಹೇಳಿದ್ದರು. ಕೈಯಲ್ಲಿ ಉದ್ದನೆಯ ಬಿದಿರು ಕೋಲು ಹಿಡಿದು ಕಲ್ಲಿನ ಮೇಲೆ ಕಾಯುತ್ತ ಕೂತಿದ್ದ.

"ಮೇಡಂ, ನಾಕರೊಳಗ ಕೆಳಗ ಇಳಿದಿರಬೇಕು ನೋಡ್ರಿ," ಎಂದ. "ಸೀತಾಫಲ ಹಣ್ಣಾಗ್ಯಾವ. ಹೊತ್ತು ಇಳಿದ ಕೂಡ್ಲೇ ಕರಡಿ ತಿನ್ನಾಕ ಬರ್ತಾವ. ಅವುಕ್ಕ ರಾಜಾ ನವಾಬ ಏನೂ ಗೊತ್ತಿಲ್ಲ."

"ಹಾಯ್ ಅಲ್ಲಾ," ಎಂದ ರಹಿಮತ್ ಬೀ ಆಚೀಚೆ ನೋಡಿ, "ಹಂಗಾದ್ರ ಕರಡಿಗಿಂತ ಮೊದಲು ನಾವು ತಿನ್ನಾನ," ಎಂದು ದಾರಿಯ ಬದಿಯ ಗಿಡಕ್ಕೆ ಕೈ ಹಾಕಿದರು. ಕಲ್ಲುಗಳ ಸಂದಿಯಲ್ಲೆಲ್ಲ ಸೀತಾಫಲದ ಗಿಡಗಳೇ. ಗಟ್ಟಿಯಿದ್ದವನ್ನು ಬಿಟ್ಟು, ಕಣ್ಣು ಬಿರಿದು ಮೆತ್ತಗಾದ ನಾಲ್ಕೈದನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡರು.

ಹತ್ತುವ ದಾರಿ ಕಡಿದಾಗೇನೂ ಇರಲಿಲ್ಲ. ದೊಡ್ಡ ದೊಡ್ಡ ಗುಂಡುಗಳ ನಡುವೆ ಸುತ್ತಿ ಸುತ್ತಿ ಹೋಗುತ್ತಿತ್ತು. ಮಳೆ ಚೆನ್ನಾಗಿ ಆಗಿದ್ದ ವರ್ಷ. ಬೋದೆ ಹುಲ್ಲು ಸೊಂಟದ ತನಕ ಬೆಳೆದಿತ್ತು, ತಂಗಡಿ ಗಿಡಗಳು ಹಳದಿ ಹೂ ಹೊತ್ತು ನಿಂತಿದ್ದವು. ಅವುಗಳ ಸುತ್ತ ಸಣ್ಣ ಹಳದಿ ಚಿಟ್ಟೆಗಳು ಗುಂಪಾಗಿ ಏಳುತ್ತ ಕೂರುತ್ತ ಇದ್ದವು. ರಹಿಮತ್ ಬೀ ಇಪ್ಪತ್ತು ಹೆಜ್ಜೆಗೊಮ್ಮೆ ಕೂತರು. ಕೂತಾಗಲೆಲ್ಲ ಒಂದು ಕತೆ ಹೇಳಿದರು. ತಾವು ಚಿಕ್ಕವರಿದ್ದಾಗ ಅರಸೀಕೆರೆಯಲ್ಲಿ ತಾಯಿಯ ಜೊತೆ ಹುಣಸೆಹಣ್ಣು ಬಡಿಯಲು ಹೋಗುತ್ತಿದ್ದದ್ದು, ಮರದಿಂದ ಬಿದ್ದ ಅಣ್ಣ ಎದ್ದು ನಿಂತು ನಕ್ಕದ್ದು. ಅಂಜಿನೇಯಲು ಮೊದಮೊದಲು ಹೂಂಗುಟ್ಟಿದ, ಅರ್ಧ ದಾರಿಗೆ ಬರುವಷ್ಟರಲ್ಲಿ ತಾನೇ "ಆಮ್ಯಾಲೆ ಏನಾತಮ್ಮ?" ಎಂದು ಕೇಳತೊಡಗಿದ್ದ.

ಮೆಹರೀನ ಮುಂದೆ ಮುಂದೆ ನಡೆದಳು. ದಿನವಿಡೀ ಮಷೀನಿನ ಸೂಜಿ ನೋಡುವ ಕಣ್ಣಿಗೆ ಒಮ್ಮೆಗೇ ಇಷ್ಟು ದೂರ ಸಿಕ್ಕಿದ್ದು ಅವಳಿಗೆ ಮೊದಲು ತಲೆ ತಿರುಗಿಸಿತು, ಆಮೇಲೆ ಹಿತವೆನಿಸಿತು. ಕೆಳಗೆ ಶೇಂಗಾ ಹೊಲ, ಮೆಕ್ಕೆಜೋಳದ ಹೊಲ, ಅವುಗಳ ನಡುವೆ ಹುಣಸೆ ಮರಗಳ ಸಾಲು ಹಿಡಿದು ಹೋಗುವ ರಸ್ತೆ. ಅದರ ಮೇಲೆ ಕೆಂಪು ಬಸ್ಸೊಂದು ಬೆಂಕಿಪೊಟ್ಟಣದಷ್ಟಾಗಿ ಹೋಗುತ್ತಿತ್ತು.

ನೆತ್ತಿ ಸೇರಿದಾಗ ಹತ್ತೂವರೆ. ಮೇಲೆ ಅಂಗಳದಷ್ಟು ಸಪಾಟು ಬಂಡೆ. ಅದರ ಪಕ್ಕ ಒಂದು ಕಮರದ ಮರ, ಗಾಳಿಗೆ ಬಗ್ಗಿ ಬಗ್ಗಿ ಒಂದೇ ಕಡೆ ಬೆಳೆದದ್ದು. ಟೀಚರ್ ಅದನ್ನೇ ತೋರಿಸಿದರು.

"ಅದೇ ಅವನ ಜಾಗ. ಗಂಡು ಪಾತರಗಿತ್ತಿ ಹಿಂಗ ಎತ್ತರದ ಜಾಗ ಹಿಡಿದು ಕಾಯ್ತಾವ. ಬ್ಯಾರೆ ಗಂಡು ಬಂದ್ರ ಓಡಿಸ್ತಾವ. ಹೆಣ್ಣು ತಾನೇ ಹುಡುಕ್ಕೊಂಡು ಮ್ಯಾಲೆ ಬರ್ತಾಳ."

"ಗಂಡು ಗುಡ್ಡ ಹತ್ತಿ ಕುಂದ್ರೋದು, ಹೆಣ್ಣು ಹತ್ತಿ ಬರೋದು?" ರಹಿಮತ್ ಬೀಗೆ ಇದು ಸರಿಬರಲಿಲ್ಲ. "ನಮ್ಮ ಕಡೆ ಗಂಡಿನೋರೇ ಮನೀಗೆ ಬಂದು ಚಾ ಕುಡಿದು ಹೋಗ್ತಾರಪ್ಪ."

ಟೀಚರ್ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಎರಡು ರಾತ್ರಿ ಬೆಲ್ಲದಲ್ಲಿ ಕಿವುಚಿಟ್ಟ ಬಾಳೆಹಣ್ಣು. ಗಪ್ಪನೆ ಹುಳಿ ವಾಸನೆ ಹೊಡೆಯಿತು. ಅಂಜಿನೇಯಲು ಟವೆಲಿನಿಂದ ಮೂಗು ಮುಚ್ಚಿಕೊಂಡ. ಈ ಚಿಟ್ಟೆ ಹೂವಿಗೆ ಬರುವುದಿಲ್ಲವಂತೆ, ಕೊಳೆತ ಹಣ್ಣು, ಮರದ ಅಂಟು ರಸ, ಸೆಗಣಿ ಇಂಥವಕ್ಕೇ ಇಳಿಯುವುದಂತೆ. ಟೀಚರ್ ಆ ಗೊಜ್ಜನ್ನು ಮರದ ಬುಡದ ಕಲ್ಲಿಗೆ ಬಳಿದು, ಕ್ಯಾಮೆರಾ ಹಿಡಿದು ಪಕ್ಕದಲ್ಲೇ ಕೂತರು.

ಹನ್ನೊಂದೂವರೆಗೆ ಅದು ಬಂತು. ಎಲ್ಲಿಂದ ಬಂತೆಂದು ಯಾರೂ ನೋಡಲಿಲ್ಲ. ಸೊಂಯ್ ಎಂದು ಕಪ್ಪನೆಯದೇನೋ ಅವರ ತಲೆಯ ಮೇಲಿಂದ ಹೋಯಿತು, ಬಂಡೆಯಾಚೆ ಇಳಿಯಿತು, ಮರಳಿ ಬಂದು ಕಮರದ ತುದಿಕೊಂಬೆಯಲ್ಲಿ ನಿಂತಿತು. ಎರಡಾಳೆತ್ತರದಲ್ಲಿ, ರೆಕ್ಕೆ ಮಡಚಿ, ಬೆನ್ನು ಬೆಳಕಿಗೆ ಹಾಕಿ. ಕೆಳಗಿನಿಂದ ಕಾಣುತ್ತಿದ್ದದ್ದು ಒಂದು ಕರಿ ತ್ರಿಕೋನ, ಅಷ್ಟೇ. ಟೀಚರ್ ಕ್ಯಾಮೆರಾ ಎತ್ತುವಷ್ಟರಲ್ಲಿ ಅದು ದಾಟಿಹೋಗುತ್ತಿದ್ದ ಕೊಡತಿಹುಳವೊಂದರ ಬೆನ್ನು ಹತ್ತಿತು. ಆಮೇಲೆ ಇನ್ನೊಂದು ಚಿಟ್ಟೆಯದು. ಆಮೇಲೆ ಒಂದು ಗುಬ್ಬಚ್ಚಿಯಷ್ಟಿದ್ದ ಹಕ್ಕಿಯದು! ಅಂಜಿನೇಯಲು ಪರೀಕ್ಷೆ ಮಾಡೋಣವೆಂದು ಸಣ್ಣ ಕಲ್ಲೊಂದನ್ನು ಗಾಳಿಗೆ ಎಸೆದ. ಅದರ ಹಿಂದೆಯೂ ಹೋಯಿತು.

"ಏನ್ ಸಿಟ್ಟಪ್ಪ ಇದಕ್ಕ," ಎಂದ ಅವನು ಮೆಚ್ಚಿಕೆಯಿಂದ. "ನಮ್ಮ ರೇಂಜರ್ ಸಾಹೇಬ್ರಿಗಿಂತ ಬಿರುಸು ಐತಿ."

ಎರಡು ಗಂಟೆ ಹೊತ್ತು ಇದೇ ಆಯಿತು. ಮೆಹರೀನ ಕ್ಯಾಮೆರಾ ಇಲ್ಲದವಳು, ಸುಮ್ಮನೆ ನೋಡುತ್ತ ಕೂತಳು. ನೋಡುತ್ತ ನೋಡುತ್ತ ಅದರ ಓಡಾಟ ಅವಳಿಗೆ ತಿಳಿಯತೊಡಗಿತು. ಎಲ್ಲಿಗೇ ಹಾರಿದರೂ ಅದು ಬಂಡೆಯ ಎಡಬದಿಯಿಂದಲೇ ಸುತ್ತಿ ಬರುತ್ತಿತ್ತು; ಬಂದು ಅದೇ ಕೊಂಬೆ, ಅದೇ ಎಲೆಯ ಪಕ್ಕ ಕೂರುತ್ತಿತ್ತು. ಅಂಗಡಿಯ ಮುಂದೆ ದಿನಾ ಒಂದೇ ಕಡೆ ಸೈಕಲ್ ನಿಲ್ಲಿಸುವ ಗಿರಾಕಿಯಂತೆ. ಆದರೆ ಬಾಳೆಹಣ್ಣಿನ ಗೊಜ್ಜಿನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ಅದಕ್ಕೆ ಇರುವೆ ಬಂದವು, ನೊಣ ಬಂದವು.

ಒಂದೂವರೆಗೆ ಮೋಡ ಕವಿಯಿತು. ಚಿಟ್ಟೆ ಮಾಯವಾಯಿತು. ಅವರು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಬಿಚ್ಚಿ ಉಂಡರು. ಎರಡು ಹೊಡೆಯಿತು, ಎರಡು ಕಾಲಾಯಿತು. ಟೀಚರ್ ಕ್ಯಾಮೆರಾದಲ್ಲಿದ್ದ ಐವತ್ತಾರು ಚಿತ್ರಗಳನ್ನು ಒಂದೊಂದಾಗಿ ನೋಡಿ ಅಳಿಸುತ್ತ ಹೋದರು. ಕೊಂಬೆ, ಆಕಾಶ, ಕೊಂಬೆ, ಕಪ್ಪು ಗೆರೆ.

"ಮುಂದಿನ ವರ್ಷ ನೋಡಾಣ ಬಿಡು," ಎಂದರು ಕಡೆಗೆ. "ನನಗ ನಂಬಿಕಿ ಐತಿ, ಆದ್ರ ನಂಬಿಕಿ ಪಟ್ಟಿಗೆ ಹತ್ತಂಗಿಲ್ಲ."

ಮೆಹರೀನ ಅವರ ಪಕ್ಕ ಸರಿದು ಕೂತಳು. "ಇನ್ನೂ ಒಂದು ತಾಸು ಐತ್ರಿ, ಟೀಚರ್," ಎಂದಳಷ್ಟೇ.

ಎರಡೂವರೆಗೆ ಬಿಸಿಲು ಮತ್ತೆ ಬಿತ್ತು. ರಹಿಮತ್ ಬೀ ಮರಕ್ಕೆ ಬೆನ್ನು ಕೊಟ್ಟು, ನೋಯುವ ಕಾಲನ್ನು ಉದ್ದಕ್ಕೆ ಚಾಚಿ ಕೂತಿದ್ದರು. ಸೆರಗಿನ ಗಂಟು ಬಿಚ್ಚಿ ನೋಡಿದರೆ ಹಣ್ಣುಗಳು ಅಮುಕಿ ರಸ ಸೋರುತ್ತಿದ್ದವು. "ಅಯ್ಯೋ, ಹಾಳಾದ್ವಲ್ಲೇ," ಎಂದು ಒಂದನ್ನು ಅಂಗೈಯಲ್ಲಿಟ್ಟುಕೊಂಡು ಹೋಳು ಮಾಡಿದರು. "ಅಂಜಿನೇಯಲು, ಅರಸೀಕೆರಿ ಕತಿ ಎಲ್ಲಿಗೆ ನಿಂತಿತ್ತು? ಹಾಂ, ನಮ್ಮಣ್ಣ..."

ಮಾತು ಅಲ್ಲಿಗೇ ನಿಂತಿತು. ಎಡಬದಿಯಿಂದ ಸುತ್ತಿ ಬಂದ ಚಿಟ್ಟೆ, ಕೊಂಬೆಗೆ ಹೋಗುವ ಬದಲು ಸರಕ್ಕನೆ ಕೆಳಗಿಳಿದು ಅವರ ಅಂಗೈಯ ಹಣ್ಣಿನ ಮೇಲೆ ಕೂತಿತ್ತು.

ಯಾರೂ ಅಲುಗಲಿಲ್ಲ. ರಹಿಮತ್ ಬೀಯ ಕಣ್ಣು ಎರಡೂ ಅಗಲವಾದವು. ತುಟಿ ಮಾತ್ರ ಒಂಚೂರು ಆಡಿಸಿ, "ಮೆಹರೀ... ಕಚ್ಚತೈತೇನು?" ಎಂದರು.

"ಇಲ್ಲಮ್ಮೀ. ಮಾತಾಡಬ್ಯಾಡ್ರಿ. ಕೈ ಅಲುಗಿಸಬ್ಯಾಡ್ರಿ."

ಮೆಹರೀನ ಎರಡು ಮೊಳ ದೂರದಲ್ಲಿದ್ದಳು. ಬಿಸಿಲು ಬಿದ್ದಾಗ ಎದ್ದು ಹೋಗಿದ್ದ ಟೀಚರ್ ಬಂಡೆಯ ಆಚೆ ತುದಿಯಲ್ಲಿ. ಅವರು ಚಪ್ಪಲಿ ಬಿಟ್ಟು, ಮಂಡಿಯೂರಿ, ಒಂದೊಂದೇ ಗೇಣು ಮುಂದೆ ಬರತೊಡಗಿದರು. ಅಂಜಿನೇಯಲು ಕೋಲು ಎತ್ತಿದ್ದವನು ಎತ್ತಿದಂತೆಯೇ ನಿಂತ.

ಇಷ್ಟು ಹತ್ತಿರದಿಂದ ಅದು ಕಪ್ಪೇ ಆಗಿರಲಿಲ್ಲ. ಮಡಚಿದ ರೆಕ್ಕೆಯ ಹೊರಮೈ ನೇರಳೆ ಬೆರೆತ ಕಂದು. ಒಗೆದು ಒಗೆದು ಮೆತ್ತಗಾದ ರೇಷ್ಮೆಯ ಬಣ್ಣ. ಅದರ ಮೇಲೆ ಕರಿ ಎಳೆಗಳು, ಒಂದೊಂದು ಎಳೆಗೂ ಕೂದಲಷ್ಟು ಸಣ್ಣ ಬಿಳಿ ಅಂಚು. ಈ ಅಂಚು ಹಾಕಬೇಕೆಂದರೆ ತನಗೆ ಒಂದು ವಾರ ಬೇಕು ಎಂದುಕೊಂಡಳು ಮೆಹರೀನ. ಹಿಂದಿನ ರೆಕ್ಕೆಯ ಕೆಳಗೆ ಎರಡು ಬಾಲ, ಕತ್ತರಿಯ ಬಾಯಿಯಂತೆ ಚೂಪು. ಸುರುಳಿ ಬಿಚ್ಚಿದ ನಾಲಿಗೆ ಹಣ್ಣಿನ ತೊಳೆಯೊಳಗೆ ಇಳಿದಿತ್ತು. ಅದು ಹೀರುತ್ತ ಹೀರುತ್ತ ಒಂದು ಹೆಜ್ಜೆ ಸರಿದು ರಹಿಮತ್ ಬೀಯ ಹೆಬ್ಬೆರಳ ಮೇಲೆ ಕಾಲಿಟ್ಟಿತು. ಸರಿಯುವಾಗ ರೆಕ್ಕೆ ಬಿಚ್ಚಿತು.

ಅದು ಬಿಚ್ಚಿದ್ದು ಮೂರು ಉಸಿರಿನಷ್ಟು ಹೊತ್ತು. ಕಾಡಿಗೆಗಪ್ಪಿನ ಮೇಲೆ ಬೆಣ್ಣೆಬಣ್ಣದ ಪಟ್ಟಿ. ಕೆಳರೆಕ್ಕೆಯಲ್ಲಿ ಅಗಲ, ಮೇಲುರೆಕ್ಕೆಗೆ ದಾಟುವಾಗ ಕಿರಿದು, ಆಮೇಲೆ ಒಂದು ಬುಟ್ಟಾ, ಇನ್ನೊಂದು, ಮತ್ತೊಂದು, ತುದಿಯ ತನಕ. ಮೆಹರೀನ ಬಾಯಿ ಬಿಡದೆ ಎಣಿಸಿದಳು. ಒಂಟಿ ಚುಕ್ಕೆಯಲ್ಲ, ಸಾಲು.

"ಟೀಚರ್," ಎಂದು ಪಿಸುಗುಟ್ಟಿದಳು. "ಬುಟ್ಟಾ ಸಾಲು ಐತಿ. ಹರಿದು ಹರಿದು ಮ್ಯಾಲಕ್ಕ ಹೋಗೈತಿ."

ಟೀಚರ ಕ್ಯಾಮೆರಾ ಚಿಟಿಚಿಟಿ ಎನ್ನುತ್ತಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳುವುದಕ್ಕೆ ಅವರಿಗೆ ಕೈ ಬಿಡುವಿರಲಿಲ್ಲ.

ಚಿಟ್ಟೆಗೆ ಅವಸರವಿರಲಿಲ್ಲ. ಎರಡು ನಿಮಿಷವಾಯಿತು, ನಾಲ್ಕಾಯಿತು. ಚಾಚಿದ್ದ ಕಾಲಿನ ಮೀನಖಂಡ ಹಿಡಿದುಕೊಂಡದ್ದು ರಹಿಮತ್ ಬೀಯ ಮುಖದಲ್ಲೇ ಕಾಣುತ್ತಿತ್ತು. ಹಣೆ ಗಂಟಿಕ್ಕಿತು, ಬೆವರು ಬಂತು, ಕಾಲ್ಬೆರಳು ಸೆಟೆದುಕೊಂಡವು. ಮನೆಯಲ್ಲಾಗಿದ್ದರೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಈಗ ಹಲ್ಲು ಕಚ್ಚಿ, ಅಂಗೈಯನ್ನು ಮಾತ್ರ ನಿಂತ ನೀರಿನಂತೆ ಹಿಡಿದುಕೊಂಡಿದ್ದರು. ಮೆಹರೀನ ಮೆಲ್ಲನೆ ಕೈ ನೀಡಿ ಅವರ ಕಾಲನ್ನು ಒತ್ತತೊಡಗಿದಳು. ಅತ್ತೆ ಸೊಸೆಯ ಕಡೆ ನೋಡಿದರು. ಹನ್ನೆರಡು ವರ್ಷದಲ್ಲಿ ಇಬ್ಬರೂ ಮಾತಿಲ್ಲದೆ ಇಷ್ಟು ಹೊತ್ತು ಎದುರೆದುರು ಕೂತದ್ದೇ ಇಲ್ಲ. ಇಬ್ಬರಿಗೂ ಏಕಕಾಲಕ್ಕೆ ನಗು ಉಕ್ಕಿ ಬಂತು. ಇಬ್ಬರೂ ಅದನ್ನು ನುಂಗಿಕೊಂಡರು.

ಏಳನೇ ನಿಮಿಷಕ್ಕೆ ಮೇಲೆ ಇನ್ನೊಂದು ಕಪ್ಪು ನೆರಳು ಸುಳಿಯಿತು. ಅಂಗೈಯ ಚಿಟ್ಟೆ ಚಿಮ್ಮಿ ಎದ್ದಿತು. ಎರಡೂ ಒಂದರ ಸುತ್ತ ಒಂದು ಸುತ್ತುತ್ತ, ನೂಲು ಹುರಿ ಮಾಡಿದಂತೆ, ಮೇಲೆ ಮೇಲೆ ಏರಿ ಬಿಸಿಲಲ್ಲಿ ಕರಗಿದವು.

"ಅಮ್ಮಾ!" ಎಂದು ಚೀರಿದ ರಹಿಮತ್ ಬೀ ಎರಡೂ ಕೈಯಲ್ಲಿ ಕಾಲು ಹಿಡಿದುಕೊಂಡರು. "ಸತ್ತೆ ನಾನು! ಒತ್ತಲೇ ಮೆಹರೀನ, ಜೋರಾಗಿ ಒತ್ತು! ಅದು ಕುಡಿದಾಗ ಹೆಂಗ ಆಕ್ಕೈತಿ ಗೊತ್ತೇನು? ಕೂಸು ಬೆರಳು ಚೀಪಿದಂಗ. ಹಂಗ ಐತಿ!"

ಟೀಚರ್ ಓಡಿಬಂದು ಅವರನ್ನು ತಬ್ಬಿಕೊಂಡರು. ಸೀತಾಫಲದ ರಸ ಟೀಚರ ಸೀರೆಗೆಲ್ಲ ಹತ್ತಿತು. ಅಂಜಿನೇಯಲು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಇಣುಕಿ, "ಮೇಡಂ, ಇದ್ರಾಗ ಮೀಸಿನೂ ಕಾಣ್ತತ್ರಿ!" ಎಂದ. ಹದಿನೇಳು ಚಿತ್ರ. ಅವುಗಳಲ್ಲಿ ಎರಡು ಚಿತ್ರ ರೆಕ್ಕೆ ಬಿಚ್ಚಿದ್ದು. ಟೀಚರ್ ಪುಸ್ತಕ ತೆಗೆದು ಪಕ್ಕಕ್ಕೆ ಹಿಡಿದರು. ಮೆಹರೀನ ಒಂದೊಂದು ಬುಟ್ಟಾಕ್ಕೂ ಬೆರಳಿಟ್ಟು ತಾಳೆ ನೋಡಿದಳು.

"ರಾಜಾನೇ," ಎಂದಳು.

"ನವಾಬ ಅಲ್ಲ ಅಂತೀರಿ?" ರಹಿಮತ್ ಬೀ ಕಾಲು ಒತ್ತಿಸಿಕೊಳ್ಳುತ್ತಲೇ ಕೇಳಿದರು. "ಇರ್ಲಿ ಬಿಡ್ರಿ. ರಾಜಾ ಆದ್ರೂ ಉಂಡಿದ್ದು ನನ್ನ ಕೈಯಾಗಲ್ಲೇನು."

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವರು ಕೆಳಗೆ ರಸ್ತೆಗೆ ಬಂದರು. ಕರಡಿಯ ಸುಳಿವಿರಲಿಲ್ಲ. ರಸ್ತೆಬದಿಯ ಹುಣಸೆ ಮರದ ನೆರಳಲ್ಲಿ ಕೂತಾಗ ಟೀಚರ ಫೋನಿಗೆ ಸಿಗ್ನಲ್ ಬಂತು. ಕ್ಯಾಮೆರಾದ ಪರದೆಯನ್ನೇ ಫೋನಿನಿಂದ ಫೋಟೊ ಹೊಡೆದು ಗುಂಪಿಗೆ ಕಳಿಸಿದರು. ಕಳಿಸಿ ಫೋನನ್ನು ಮಗುಚಿಟ್ಟು, "ನೋಡಂಗಿಲ್ಲ ನಾನು," ಎಂದರು. ಮೂರು ನಿಮಿಷಕ್ಕೆ ತಾವೇ ತಿರುಗಿಸಿ ನೋಡಿದರು. ಆ ಹಿರಿಯರೇ ಬರೆದಿದ್ದರು. ಟೀಚರ್ ಜೋರಾಗಿ ಓದಿದರು.

"'ಬ್ಲ್ಯಾಕ್ ರಾಜಾ. ಯಾವ ಸಂಶಯವೂ ಇಲ್ಲ. ನಾನು ಹಿಂದೆ ಹೇಳಿದ್ದು ತಪ್ಪು. ಅಭಿನಂದನೆ ಪುಷ್ಪಲತಾ ಅವರೇ. ಆ ಕೈ ಯಾರದು?'"

"ಬರೀರಿ, ಬರೀರಿ," ಎಂದರು ರಹಿಮತ್ ಬೀ. "ಬಾಷಾ ಗ್ಯಾರೇಜಿನ ಬಾಷಾನ ತಾಯಿ ಅಂತ ಬರೀರಿ. ಕೂಡ್ಲಿಗಿಯಾಗ ಯಾರನ್ನ ಕೇಳಿದ್ರೂ ಹೇಳ್ತಾರ."

ಟೀಚರ್ ನಗುತ್ತ ಬರೆದರು. ಬರೆಯುತ್ತಲೇ, "ಪುಸ್ತಕದಾಗ ಇನ್ನೊಂದು ಐತಿ ನೋಡು ಮೆಹರೀನ," ಎಂದರು. "ಹೆಣ್ಣು ಗುಡ್ಡಕ್ಕ ಹೋಗಿ ಗಂಡಿನ ಕೂಡಿ ಬಂದು ಮೊಟ್ಟಿ ಎಲ್ಲಿ ಇಡ್ತಾಳ ಗೊತ್ತೇನು? ಹುಣಸಿ ಗಿಡದಾಗ. ಮರಿಹುಳ ಹುಣಸಿ ಎಲಿನೇ ತಿನ್ನೋದು."

"ಇದೇ ಹುಣಸಿ ಗಿಡದಾಗಾ?"

"ಯಾವುದರಾಗ ಅಂತ ಹೇಳಾಕ ಬರಂಗಿಲ್ಲ. ಹಸಿರು ಎಲಿಯಾಗ ಹಸಿರು ಹುಳ. ನನಗ ಇವತ್ತಿನತನಕ ಒಂದೂ ಸಿಕ್ಕಿಲ್ಲ."

ಮೆಹರೀನ ಎದ್ದಳು. ತಗ್ಗಿ ಬಂದಿದ್ದ ಕೊಂಬೆಯ ಕೆಳಗೆ ನಿಂತು ಎಲೆಗಳನ್ನು ಬೆಳಕಿಗೆ ಹಿಡಿದಳು. ಹಸಿರಲ್ಲಿ ಹಸಿರು ಹುಡುಕುವುದು ಅವಳಿಗೆ ದಿನದ ಕೆಲಸ. ಗಿಳಿ ಹಸಿರು, ಮೆಂತ್ಯದ ಹಸಿರು, ಬಾಟಲಿ ಹಸಿರು, ಒಂದಕ್ಕೊಂದು ಹೊಂದುವುದಿಲ್ಲವೆಂದು ಹೆಂಗಸರಿಗೆ ಒಪ್ಪಿಸಿ ಒಪ್ಪಿಸಿ ಸಾಕಾಗಿತ್ತು. ಚಿಗುರು ಎಲೆ ಒಂದು ಬಣ್ಣ, ಬಲಿತದ್ದು ಒಂದು ಬಣ್ಣ. ಎರಡೂ ಅಲ್ಲದ ಬಣ್ಣ ಬೇಕಿತ್ತು ಅವಳಿಗೆ. ಒಂದು ಕೊಂಬೆ ಬಿಟ್ಟು ಇನ್ನೊಂದಕ್ಕೆ ಹೋದಳು, ಇನ್ನೊಂದಕ್ಕೆ. ಸೊಪ್ಪಿನ ಪುಡಿ, ಧೂಳು ಮುಖಕ್ಕೆ ಬಿತ್ತು. ಅಂಜಿನೇಯಲು ಕೋಲಿನಿಂದ ಎತ್ತರದ ಕೊಂಬೆ ಬಗ್ಗಿಸಿ ಹಿಡಿದ. ಹತ್ತು ನಿಮಿಷ, ಹದಿನೈದು.

"ಟೀಚರ್," ಎಂದಳು ಒಮ್ಮೆಲೇ. "ಈ ಎಲಿಗೆ ತಲಿ ಐತಿ."

ಕಿರುಬೆರಳುದ್ದದ ಹಸಿರು ಹುಳ ಎಲೆಯ ದಂಟಿನ ಉದ್ದಕ್ಕೂ ಮೈಚಾಚಿ ಮಲಗಿತ್ತು. ತಲೆಯ ಮೇಲೆ ನಾಲ್ಕು ಕೊಂಬು. ಎರಡು ನಡುವೆ ಉದ್ದ, ಎರಡು ಬದಿಗೆ ಗಿಡ್ಡ. ಟೀಚರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಅರೆ, ಕಿರೀಟ ಇಟ್ಕಂಡೇ ಹುಟ್ಟೈತಲ್ಲ!" ಎಂದರು ರಹಿಮತ್ ಬೀ.

ಶೇಂಗಾ ಹೊಲದಿಂದ ಬರುತ್ತಿದ್ದ ಇಬ್ಬರು ಹೆಂಗಸರು ನಿಂತರು. ಬೈಕಿನಲ್ಲಿ ಹೋಗುತ್ತಿದ್ದ ಗಂಡ ಹೆಂಡಿರು ನಿಂತರು. ಕೊಟ್ಟೂರಿನಿಂದ ಬಂದ ಟಂಟಂ ಆಟೊ ಒಂದು ನಿಂತು ಅದರಲ್ಲಿದ್ದ ಆರು ಮಂದಿಯೂ ಇಳಿದರು. ಏನಾಯಿತು, ಯಾರು ಬಿದ್ದರು ಎಂದು ಕೇಳಿದವರಿಗೆಲ್ಲ ರಹಿಮತ್ ಬೀ ಕೈಯೆತ್ತಿ ತಡೆದು, "ಮುಟ್ಟಬ್ಯಾಡ್ರಿ, ದೂರ ನಿಂತು ನೋಡ್ರಿ, ರಾಜನ ಮಗ ಅದಾನ," ಎಂದು ಮೊದಲಿನಿಂದ ಹೇಳತೊಡಗಿದರು. ಗುಡ್ಡ ಹತ್ತಿದ್ದರಿಂದ ಹಿಡಿದು, ಏನನ್ನೂ ಬಿಡದೆ. ಹುಳದ ಕಡೆ ನೋಡಿದ ಹೊಲದ ಹೆಂಗಸೊಬ್ಬಳು, "ಇಷ್ಟು ದಿನ ಇದರ ಬುಡದಾಗೇ ಬುತ್ತಿ ಉಣ್ತಿದ್ವಲ್ಲವ್ವ," ಎಂದಳು.

ಬಾಷಾನ ಓಮ್ನಿ ಬಂದಾಗ ರಸ್ತೆಬದಿಯಲ್ಲಿ ಹದಿನೈದು ಜನ ಕತ್ತೆತ್ತಿ ನಿಂತಿದ್ದರು. ಅವನು ಗಾಬರಿಯಿಂದ ಇಳಿದು ಓಡಿಬಂದ. ತಾಯಿ ನಗುತ್ತಿರುವುದನ್ನು ನೋಡಿ ಉಸಿರು ಬಿಟ್ಟ.

"ಆತಿಲ್ಲ? ಹೋಗಾನ ಬರ್ರಿ, ಗ್ಯಾರೇಜಿನಾಗ ಮೂರು ಗಾಡಿ ಬಿಚ್ಚಿಟ್ಟು ಬಂದೀನಿ."

ಯಾರೂ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಅವನೂ ಕತ್ತೆತ್ತಿದ. ಎಲೆ, ಎಲೆ, ಎಲೆ. "ಏನೈತಿಲ್ಲಿ? ನನಗೇನೂ ಕಾಣಂಗಿಲ್ಲಪ್ಪ."

ಮೆಹರೀನ ಅವನ ಪಕ್ಕ ಬಂದು, ಅಷ್ಟು ಜನರೆದುರಿಗೇ ಅವನ ಗದ್ದ ಹಿಡಿದು ಮುಖವನ್ನು ಒಂಚೂರು ಎಡಕ್ಕೆ ತಿರುಗಿಸಿದಳು.

"ಈಗ?"

"ಇಲ್ಲ... ತಡಿ, ತಡಿ." ಬಾಷಾ ಕಣ್ಣು ಕಿರಿದು ಮಾಡಿದ. ಎಣ್ಣೆ ಹತ್ತಿದ ಕೈಯನ್ನು ಹಣೆಗೆ ಅಡ್ಡ ಹಿಡಿದ. ಹುಳ ತಲೆಯೆತ್ತಿ ಎಲೆಯ ಅಂಚನ್ನು ತಿನ್ನತೊಡಗಿತ್ತು. "ಓಹೋ... ತಿನ್ನಾಕ ಹತ್ತೈತಲ್ಲೇ ಇದು!"

ಅವನು ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಇನ್ನೂ ಹತ್ತಿರ ಹೋಗಿ ನಿಂತ.